ಕೊಡೆ ಹಿಡಿದ ಕೈಗೆ ವಾಚ್ ಕಟ್ಟಬೇಡಿ

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವಳು. ಪ್ರಾಥಮಿಕ ಶಾಲೆ ಶಿಕ್ಷಕಿ, ವಯಸ್ಸು 54. ಶುಗರ್ ಗಡಿಯಲ್ಲಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ 45 ನಿಮಿಷ ನಡೆಯುತ್ತೇನೆ. ಕಳೆದ ವಾರ ತಂಗಿಯ ವಾಚ್ ಕಟ್ಟಿಕೊಂಡು ಹೋಗಿದ್ದೆ. ಸೊಂಟದ ಚೀಲದಲ್ಲಿದ್ದ ಫೋನ್ 4,900 ಹೆಜ್ಜೆ ಎಂದಿತು, ವಾಚ್ 3,700 ಎಂದಿತು. ಅದೇ ವಾಚ್ ಭಾನುವಾರ ನಾನು ಮನೆ ಬಿಟ್ಟು ಹೊರಗೇ ಹೋಗದಿದ್ದರೂ 3,000 ತೋರಿಸಿತು. ಯಾವುದನ್ನು ನಂಬಲಿ? ಮಗ ಪೊಲೀಸ್ ಕಾನ್ಸ್‌ಟೇಬಲ್ ದೈಹಿಕ ಪರೀಕ್ಷೆಗೆ ಓಡುತ್ತಿದ್ದಾನೆ. ಇಬ್ಬರಿಗೂ ಆಗುವ, ನಮ್ಮ ಮಳೆ ತಡೆಯುವ ವಾಚ್ ಐದಾರು ಸಾವಿರದೊಳಗೆ ಸಿಗುತ್ತದೆಯೇ? ತವರು ಶಿರಸಿ. ರಜೆಯಲ್ಲಿ ಅಲ್ಲೂ ನಡೆಯುತ್ತೇನೆ.

ಉತ್ತರ: ಅಕ್ಕೋರೆ, ಮೊದಲು ನನ್ನದೊಂದು ಪ್ರಶ್ನೆ. ಕಳೆದ ವಾರ ಕಾರವಾರದಲ್ಲಿ ಮಳೆ ಬಿಟ್ಟ ಹೊತ್ತು ಕಡಿಮೆ. ಕೊಡೆ ಯಾವ ಕೈಯಲ್ಲಿತ್ತು? ವಾಚ್ ಕಟ್ಟಿದ ಕೈಯಲ್ಲೇ ಇತ್ತು ಎಂದಾದರೆ ನಿಮ್ಮ 1,200 ಹೆಜ್ಜೆ ಎಲ್ಲಿ ಹೋಯಿತು ಎಂದು ಹುಡುಕಬೇಕಾಗಿಲ್ಲ.

ವಾಚ್ ನಿಮ್ಮ ಕಾಲನ್ನು ನೋಡುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಕೈ ಮಾತ್ರ. ಒಳಗೆ ಆಕ್ಸಿಲರೋಮೀಟರ್ ಎಂಬ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಮೇಲೆ ಕೆಳಗೆ, ಹಿಂದೆ ಮುಂದೆ, ಆಚೆ ಈಚೆ ಎಂದು ಮೂರೂ ದಿಕ್ಕಿನ ಅಲುಗಾಟವನ್ನು ಅದು ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತದೆ. ಒಂದೇ ಲಯದಲ್ಲಿ ಏರಿಳಿತ ಬಂದರೆ 'ಓ, ಇವರು ನಡೆಯುತ್ತಿದ್ದಾರೆ' ಎಂದು ಲೆಕ್ಕ ಶುರು ಮಾಡುತ್ತದೆ. ಕೊಡೆಯ ಹಿಡಿಕೆಯನ್ನು ಎದೆಗೆ ಒತ್ತಿ ಹಿಡಿದು ಗಾಳಿಗೆ ಎದುರಾಗಿ ಹೋಗುವಾಗ ಆ ಕೈ ಬೀಸುವುದಿಲ್ಲ. ಕಾಲು ಕೊಡುವ ಸಣ್ಣ ಕುಲುಕಾಟ ಮಾತ್ರ ಉಳಿಯುತ್ತದೆ. ಅದರಲ್ಲಿ ಕೆಲವು ಹೆಜ್ಜೆ ಸಿಗುತ್ತವೆ, ಕೆಲವು ತಪ್ಪಿಹೋಗುತ್ತವೆ. ಕೈ ಹಿಂದೆ ಕಟ್ಟಿ ನಡೆಯುವ ನಿವೃತ್ತ ಮಾಸ್ತರರಿಗೂ ಇದೇ ಗತಿ. ಮೊಮ್ಮಗುವನ್ನು ಎತ್ತಿಕೊಂಡವರಿಗೂ, ಕೈಚೀಲ ತುಂಬ ಬಂಗಡೆ ಹಿಡಿದು ಮಾರ್ಕೆಟ್‌ನಿಂದ ಬರುವವರಿಗೂ ಹಾಗೆಯೇ. ತಲೆಯ ಮೇಲಿನ ಬುಟ್ಟಿ ಹಿಡಿದ ಕೈಗೆ ವಾಚ್ ಕಟ್ಟಿದರೆ ನಮ್ಮ ಮೀನು ಮಾರುವ ಹೆಂಗಸರ ಒಂದು ದಿನದ ನಡಿಗೆಯ ಸರಿ ಲೆಕ್ಕ ಸಿಗಲಿಕ್ಕಿಲ್ಲ. ಊರಲ್ಲಿ ಎಲ್ಲರಿಗಿಂತ ಜಾಸ್ತಿ ನಡೆಯುವವರು ಅವರೇ.

ಭಾನುವಾರದ 3,000ಕ್ಕೂ ಉತ್ತರ ಇದರಲ್ಲೇ ಇದೆ. ಎರಡು ಕಾಯಿ ತುರಿದಿದ್ದೀರಿ, ಚಪಾತಿ ಹಿಟ್ಟು ನಾದಿದ್ದೀರಿ, ಬಟ್ಟೆ ಉಜ್ಜಿದ್ದೀರಿ, ಅಲ್ವಾ? ಲಯಬದ್ಧವಾಗಿ ಆಡುವ ಕೈ ವಾಚಿಗೆ ನಡಿಗೆಯಂತೆಯೇ ಕಾಣುತ್ತದೆ. ಇನ್ನೊಂದು ತಮಾಷೆ ಇದೆ. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಒಲೆಗೆ ಎಂದು ಮೂರು ಮೂರು ಹೆಜ್ಜೆ ಓಡಾಡಿದ್ದು ಲೆಕ್ಕಕ್ಕೆ ಬರುವುದೇ ಇಲ್ಲ. ಸುಮ್ನೆ ಕೈ ಆಡಿಸಿದ್ದನ್ನೆಲ್ಲ ಸೇರಿಸಬಾರದು ಎಂದು ಹೆಚ್ಚಿನ ವಾಚುಗಳು ಸತತವಾಗಿ ಕೆಲವು ಹೆಜ್ಜೆ ಬರುವವರೆಗೆ ಕಾಯುತ್ತವೆ. ಹಾಗಾಗಿ 3,000ದಲ್ಲಿ ಸುಳ್ಳೂ ಇದೆ, ಬಿಟ್ಟುಹೋದ ನಿಜವೂ ಇದೆ.

ಹಾಗಾದರೆ ಬೀಚಿನ ನಡಿಗೆಗೆ ಫೋನನ್ನೇ ನಂಬಿ. ಸೊಂಟದ ಚೀಲದಲ್ಲಿರುವ ಫೋನ್ ನಡುವಿನ ಜತೆಗೇ ಏರಿಳಿಯುತ್ತದೆ, ಕೊಡೆಗೂ ಅದಕ್ಕೂ ಸಂಬಂಧ ಇಲ್ಲ. 45 ನಿಮಿಷಕ್ಕೆ 4,900 ಎಂದರೆ ನಿಮಿಷಕ್ಕೆ ಸುಮಾರು 109 ಹೆಜ್ಜೆ. ನಿಮಿಷಕ್ಕೆ 100ರ ಮೇಲಿದ್ದರೆ ಅದು ಚುರುಕು ನಡಿಗೆ ಎಂದು ನಡಿಗೆ ಬಗ್ಗೆ ಅಧ್ಯಯನ ಮಾಡುವವರು ಒಪ್ಪುತ್ತಾರೆ. ನೀವು ಆಗಲೇ ಅಲ್ಲಿದ್ದೀರಿ.

ಯಾವ ವಾಚನ್ನಾದರೂ ಪರೀಕ್ಷಿಸಲು ನಾನು ಮಾಡುವುದು ಇಷ್ಟೇ. ಜೇಬಿನಲ್ಲಿ ಹತ್ತು ಅಡಿಕೆ ಇಟ್ಟುಕೊಳ್ಳುತ್ತೇನೆ. ವಾಚಿನಲ್ಲಿರುವ ಸಂಖ್ಯೆ ಬರೆದುಕೊಂಡು ಹೊರಡುತ್ತೇನೆ. 20 ಹೆಜ್ಜೆಗೊಂದು ಅಡಿಕೆ ಬಲ ಜೇಬಿನಿಂದ ಎಡ ಜೇಬಿಗೆ ಹೋಗುತ್ತದೆ. ಹತ್ತೂ ಮುಗಿದರೆ 200 ಹೆಜ್ಜೆ. ವಾಚ್ ಎಡಗೈಯಲ್ಲಿರಲಿ, ಅಡಿಕೆಯ ಕೆಲಸ ಬಲಗೈಗಿರಲಿ. ಇದನ್ನೇ ಮೂರು ಸಲ ಮಾಡಿ. ಕೈ ಬೀಸಿ ಒಮ್ಮೆ, ವಾಚಿನ ಕೈಯಲ್ಲಿ ಕೊಡೆ ಹಿಡಿದು ಒಮ್ಮೆ, ನಿಧಾನವಾಗಿ ಕಾಲೆಳೆಯುತ್ತ ಒಮ್ಮೆ. ಮೊದಲನೆಯದರಲ್ಲಿ 190ರಿಂದ 210ರೊಳಗೆ ಬಂದರೆ ವಾಚ್ ಒಳ್ಳೆಯದೇ. ಉಳಿದೆರಡರಲ್ಲಿ ಎಷ್ಟು ತಪ್ಪುತ್ತದೆ ಎನ್ನುವುದು ನಿಮಗೆ ಗೊತ್ತಿದ್ದರೆ ಸಾಕು. ನಿಧಾನ ನಡಿಗೆಯಲ್ಲಿ ಎಲ್ಲ ವಾಚುಗಳೂ ಸ್ವಲ್ಪ ಎಡವುತ್ತವೆ. ವಯಸ್ಸಾದವರಿಗೆ ಕೊಡಿಸುವವರು ಇದನ್ನು ನೆನಪಿಡಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವಾಚ್ ಕಟ್ಟಿದ ದಿನದಿಂದ ಅದು '10,000' ಎಂದು ಬೆನ್ನು ಹತ್ತುತ್ತದೆ. ಆ ಸಂಖ್ಯೆ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಮೀಟರ್ ತಂದಿತು. ಅದರ ಹೆಸರೇ 'ಮಾನ್ಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರಾಟಕ್ಕೆ ಚೆನ್ನಾಗಿ ಕೇಳುವ ಹೆಸರು, ಅಷ್ಟೇ. 2019ರಲ್ಲಿ ಅಮೆರಿಕದ 16,741 ಹಿರಿಯ ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಲಾಭ ಏರುತ್ತ ಹೋಗಿ ಸುಮಾರು 7,500ರ ಹೊತ್ತಿಗೆ ಸಮವಾಯಿತು. ನಿಮ್ಮ ಬೀಚಿನ ನಡಿಗೆ, ಶಾಲೆಯ ಓಡಾಟ ಎರಡೂ ಸೇರಿದರೆ ಅಲ್ಲಿಗೆ ಮುಟ್ಟುವುದು ಕಷ್ಟವಿಲ್ಲ. ವಾಚಿನ ಸೆಟ್ಟಿಂಗಿನಲ್ಲಿ ಗುರಿಯನ್ನು 7,000ಕ್ಕೆ ಇಳಿಸಿಬಿಡಿ. ರಾತ್ರಿ ಒಂಬತ್ತಕ್ಕೆ ಹಾಲ್‌ನಲ್ಲಿ ಗಿರಗಿರ ತಿರುಗಿ ಸಂಖ್ಯೆ ತುಂಬಿಸುವ ಗೋಜು ಬೇಡ.

ಇನ್ನು ದೂರದ ವಿಷಯ. ಜಿಪಿಎಸ್ ಇಲ್ಲದ ವಾಚ್ ಹೆಜ್ಜೆಯನ್ನು ಹೆಜ್ಜೆಯ ಉದ್ದದಿಂದ ಗುಣಿಸುತ್ತದೆ. ಆ ಉದ್ದವನ್ನು ನಿಮ್ಮ ಎತ್ತರದಿಂದ ಊಹಿಸುತ್ತದೆ. ಎತ್ತರದ ನೂರಕ್ಕೆ ಸುಮಾರು 41 ಪಾಲು ಎಂದು ಲೆಕ್ಕ. 155 ಸೆಂಟಿಮೀಟರ್ ಇದ್ದವರಿಗೆ 64 ಸೆಂಟಿಮೀಟರ್ ಆಸುಪಾಸು. 4,900 ಹೆಜ್ಜೆಗೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಮೇಲೆ. ಊಹೆಯ ಬದಲು ಅಳೆದುಕೊಳ್ಳುವುದು ನಿಮಗೆ ಸುಲಭ. ಕ್ರೀಡಾಕೂಟಕ್ಕೆ ಟ್ರ್ಯಾಕ್ ಹಾಕುವ ಟೇಪು ಶಾಲೆಯ ಕಪಾಟಿನಲ್ಲಿ ಇದ್ದೇ ಇರುತ್ತದೆ. ಮೈದಾನದಲ್ಲಿ 60 ಮೀಟರ್ ಅಳೆದು ಎರಡು ಸಲ ಹೋಗಿ ಬನ್ನಿ. 240 ಮೀಟರನ್ನು ಹೆಜ್ಜೆಯಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಆ್ಯಪ್‌ನಲ್ಲಿ ಹಾಕುವ ಜಾಗ ಇದ್ದರೆ ಹಾಕಿ. ನಾಲ್ಕನೇ ತರಗತಿಯ ಮಕ್ಕಳಿಗೆ ಒಳ್ಳೆಯ ಲೆಕ್ಕವೂ ಆಗುತ್ತದೆ.

ಆದರೆ ಮರಳು ಈ ಲೆಕ್ಕವನ್ನು ಕೆಡಿಸುತ್ತದೆ. ಸಡಿಲ ಮರಳಿನಲ್ಲಿ ಕಾಲು ಹೂತು ಹೆಜ್ಜೆ ಗಿಡ್ಡವಾಗುತ್ತದೆ. ವಾಚ್ ಹಳೆಯ ಉದ್ದವನ್ನೇ ಹಿಡಿದು ದೂರವನ್ನು ಜಾಸ್ತಿ ತೋರಿಸುತ್ತದೆ. ಕ್ಯಾಲೊರಿಯಲ್ಲಿ ಮಾತ್ರ ಉಲ್ಟಾ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅದು ವಾಚಿಗೆ ಗೊತ್ತೇ ಆಗುವುದಿಲ್ಲ. ಇಳಿತ ಇದ್ದಾಗ ನೀರು ಸರಿದ ಒದ್ದೆ ಮರಳಿನ ಪಟ್ಟಿ ಗಟ್ಟಿಯಾಗಿರುತ್ತದೆ, ಅಲ್ಲಿ ನಡೆಯಿರಿ. ಹೋಗುವಾಗ ಒಂದು ಕಾಲು ಇಳಿಜಾರಿಗೆ ಬಿದ್ದರೆ ಬರುವಾಗ ಇನ್ನೊಂದು ಕಾಲಿಗೆ ಆ ಸರದಿ ಬರುವಂತೆ ಅದೇ ಪಟ್ಟಿಯಲ್ಲಿ ವಾಪಸ್ ಬನ್ನಿ. ಮಂಡಿಗೆ ಒಳ್ಳೆಯದು.

ಈಗ ಮಗನ ವಿಷಯ. ಇಬ್ಬರಿಗೂ ಒಂದೇ ವಾಚ್ ಬೇಡ. ಇಬ್ಬರ ಹೆಜ್ಜೆ, ಎತ್ತರ, ನಾಡಿ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋಗುತ್ತದೆ. ಅದೂ ಅಲ್ಲದೆ ಅವನಿಗೆ ಬೇಕಾದದ್ದು ಹೆಜ್ಜೆ ಎಣಿಸುವ ವಾಚೇ ಅಲ್ಲ.

ಪುರುಷ ಅಭ್ಯರ್ಥಿಗಳಿಗೆ 1,600 ಮೀಟರ್ ಓಟ, 6 ನಿಮಿಷ 30 ಸೆಕೆಂಡಿನೊಳಗೆ. ಅಂದರೆ 390 ಸೆಕೆಂಡ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್. ಅವನ ತಲೆಯಲ್ಲಿ ಈ 97 ಕೂತುಬಿಡಬೇಕು. ಹುಡುಗರು ಸಾಮಾನ್ಯವಾಗಿ ಮೊದಲ ಸುತ್ತು 80ರಲ್ಲಿ ಓಡಿ ಮೂರನೆಯದರಲ್ಲಿ 110ಕ್ಕೆ ಬೀಳುತ್ತಾರೆ. ನನ್ನ ಪಿ.ಟಿ. ಮಾಸ್ತರಿಕೆಯ ಅಷ್ಟೂ ವರ್ಷ ನೋಡಿದ್ದು ಇದನ್ನೇ. ಇದಕ್ಕೆ ಬೇಕಾದದ್ದು ಪ್ರತಿ ಸುತ್ತಿನ ಸಮಯ ಹಿಡಿಯುವ ಲ್ಯಾಪ್ ಬಟನ್ ಇರುವ ಸ್ಟಾಪ್‌ವಾಚ್. ಆಟದ ಸಾಮಾನಿನ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಬರುತ್ತದೆ.

ಜಿಪಿಎಸ್ ವಾಚ್ ಇದ್ದರೆ ಇನ್ನೂ ಒಳ್ಳೆಯದಲ್ವಾ ಎಂದು ಅವನು ಕೇಳುತ್ತಾನೆ. ಟ್ರ್ಯಾಕಿನಲ್ಲಿ ಅಲ್ಲ. ಜಿಪಿಎಸ್ ಉಪಗ್ರಹಗಳಿಂದ ಆಗಾಗ ನಿಮ್ಮ ಜಾಗ ಗುರುತಿಸಿ ಚುಕ್ಕಿ ಸೇರಿಸುತ್ತದೆ. ಪ್ರತಿ ಚುಕ್ಕಿಯೂ ಕೆಲವು ಮೀಟರ್ ಆಚೀಚೆ. ನೇರ ರಸ್ತೆಯಲ್ಲಿ ಅದು ಸರಿಹೋಗುತ್ತದೆ. ಸುತ್ತಿನ ತಿರುವಿನಲ್ಲಿ ಮೂಲೆ ಕತ್ತರಿಸುತ್ತದೆ ಇಲ್ಲವೇ ಹೊರಗೆ ಜಾರುತ್ತದೆ. ನೂರಕ್ಕೆ ಮೂರು ತಪ್ಪಿದರೂ 1,600ಕ್ಕೆ 48 ಮೀಟರ್. ಅವನ ವೇಗದಲ್ಲಿ ಅದು ಹೆಚ್ಚುಕಡಿಮೆ 12 ಸೆಕೆಂಡ್. ವಾಚ್ 'ಪಾಸ್' ಎನ್ನುವುದಕ್ಕೂ ಪರೀಕ್ಷೆಯ ದಿನ ಫೇಲ್ ಆಗುವುದಕ್ಕೂ ಅಷ್ಟು ಸಾಕು. ಸುಣ್ಣದ ಗೆರೆ ಸುಳ್ಳು ಹೇಳುವುದಿಲ್ಲ. ಒಳಗಿನ ಗೆರೆಗೆ ಅಂಟಿಕೊಂಡೇ ಓಡಲು ಹೇಳಿ. ಎರಡನೇ ಲೇನಿನಲ್ಲಿ ಓಡಿದರೆ ಸುತ್ತಿಗೆ ಏಳೂವರೆ ಮೀಟರಿಗೂ ಮೇಲೆ ಹೆಚ್ಚು, ನಾಲ್ಕು ಸುತ್ತಿಗೆ 30 ಮೀಟರ್. ಮಾಲಾದೇವಿ ಮೈದಾನದಲ್ಲಿ ಬೆಳಿಗ್ಗೆ ಅವನಂಥವರು ಇನ್ನಷ್ಟು ಜನ ಸಿಕ್ಕರೆ ಒಬ್ಬನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಕೂಗಿ ಹೇಳಿಸಿಕೊಳ್ಳಲಿ. ಓಡುವಾಗ ಮಣಿಕಟ್ಟು ನೋಡುವುದೇ ತಪ್ಪು ಅಭ್ಯಾಸ.

ಕೆಲಸ ಸಿಕ್ಕಿದ ಮೇಲೂ ಓಟ ಬಿಡದೆ 10 ಕಿಲೋಮೀಟರ್, ಹಾಫ್ ಮ್ಯಾರಥಾನ್ ಎಂದು ಹೊರಟರೆ ಆಗ ಜಿಪಿಎಸ್ ವಾಚ್ ನೋಡೋಣ. ಗಾರ್ಮಿನ್ ಫೋರ್‌ರನ್ನರ್ 55 ಥರದ್ದು. ಅದರಲ್ಲಿ ಟಚ್ ಸ್ಕ್ರೀನ್ ಇಲ್ಲ, ಐದು ಬಟನ್ ಇವೆ. ನಮ್ಮ ಮಳೆಗಾಲಕ್ಕೆ ಇದು ದೊಡ್ಡ ಗುಣ. ಆದರೆ ನಿಮ್ಮ ಬಜೆಟ್ಟಿನಲ್ಲಿ ಬರುವುದಿಲ್ಲ. ಕಡಿಮೆ ಬೆಲೆಯ ಪೆಟ್ಟಿಗೆಯ ಮೇಲೆ ಜಿಪಿಎಸ್ ಎಂದು ಬರೆದಿದ್ದರೆ ಒಂದು ಮಾತು ಕೇಳಿ: ಜಿಪಿಎಸ್ ವಾಚಿನೊಳಗೇ ಇದೆಯೋ, ಫೋನಿನದನ್ನು ಎರವಲು ಪಡೆಯುತ್ತದೋ? 'ಕನೆಕ್ಟೆಡ್ ಜಿಪಿಎಸ್' ಎಂದರೆ ಎರವಲು. ಫೋನ್ ಮನೆಯಲ್ಲಿ ಬಿಟ್ಟು ಹೋದರೆ ನಕ್ಷೆ ಇಲ್ಲ.

ನಾಡಿಬಡಿತದ ಬಗ್ಗೆ ಚುಟುಕಾಗಿ. ವಾಚಿನ ಹಿಂದೆ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ರಕ್ತ ಏರಿದಾಗ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ, ಅದನ್ನೇ ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ ಬಡಿತದ ಬದಲು ಹೆಜ್ಜೆಯ ಲಯವನ್ನೇ ಹಿಡಿದುಬಿಡುವುದೂ ಉಂಟು. ಮಗನಿಗೆ ಓಡುವಾಗ 170 ತೋರಿಸಿದರೆ ಅದು ಎದೆಯದೋ ಕಾಲಿನದೋ ಒಮ್ಮೆ ಅನುಮಾನಿಸಬೇಕು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಮೊಣಕೈ ಕಡೆಗೆ, ಅಲುಗದಂತೆ ಕಟ್ಟಬೇಕು. ಗಾಜಿನ ಬಳೆಗಳಿರುವ ಕೈಯಲ್ಲಿ ಅವು ವಾಚನ್ನು ತಳ್ಳುತ್ತಲೇ ಇರುತ್ತವೆ. ಬಳೆ ಕಡಿಮೆ ಇರುವ ಕೈಗೇ ಕಟ್ಟಿ. ಬೀಟಾ ಬ್ಲಾಕರ್ ಜಾತಿಯ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿ ಮಾಮೂಲಿನಂತೆ ಏರುವುದಿಲ್ಲ. ಅಂಥವರು ವಾಚ್ ತೋರಿಸುವ ಬಣ್ಣಬಣ್ಣದ ಝೋನ್ (ನಾಡಿಯ ಹಂತ) ನೋಡಿ ವೇಗ ಹೆಚ್ಚಿಸಬಾರದು. ಜತೆಯವರೊಂದಿಗೆ ಮಾತಾಡಲು ಬರಬೇಕು, ಹಾಡು ಹೇಳಲು ಆಗಬಾರದು. ಅದು ಸರಿಯಾದ ವೇಗ.

ನಿಮಗೆ ಶುಗರ್ ಗಡಿಯಲ್ಲಿದೆ ಎಂದಿರಿ, ಅದಕ್ಕೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸೂಜಿ ಚುಚ್ಚದೆ ಶುಗರ್ ತೋರಿಸುತ್ತದೆ ಎಂದು ಮಾರುವ ವಾಚಿನ ಹತ್ತಿರ ಹೋಗಬೇಡಿ. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಆ ಸಂಖ್ಯೆ ನೋಡಿ ಮಾತ್ರೆ ಬಿಟ್ಟವರ ಕಥೆ ಕಷ್ಟವಾದೀತು.

ಮಳೆ ಮತ್ತು ಉಪ್ಪು. ಇಲ್ಲಿ ನನ್ನದೇ ಕಥೆ ಇದೆ. ನನ್ನ ಮೊದಲ ವಾಚ್ ಎರಡನೇ ಮಳೆಗಾಲ ದಾಟಲಿಲ್ಲ. ಓಡಿ ಬಂದು, ಬೆವರಿನ ಕೈಯಲ್ಲೇ ಬಿಚ್ಚಿ, ಹಾಗೇ ಚಾರ್ಜರಿಗೆ ಸಿಕ್ಕಿಸುತ್ತಿದ್ದೆ. ಒಂದು ದಿನ ನೋಡಿದರೆ ಹಿಂದಿನ ಎರಡು ಹಿತ್ತಾಳೆ ಬಣ್ಣದ ಚುಕ್ಕಿಗಳಲ್ಲಿ ಒಂದು ಹಸಿರು ಪುಡಿ ಕಟ್ಟಿತ್ತು. ಉಗುರಲ್ಲಿ ಕೆರೆದೆ, ಚುಕ್ಕಿಯೇ ಕಿತ್ತು ಬಂತು. ಬೆಂಗಳೂರಿಗೆ ಕೊರಿಯರ್ ಮಾಡಿದೆ. 40 ದಿನದ ಮೇಲೆ 'ನೀರಿನಿಂದ ಹಾನಿ, ವಾರಂಟಿ ಇಲ್ಲ' ಎಂಬ ಚೀಟಿ ಅಂಟಿಸಿಕೊಂಡು ಹಾಗೇ ವಾಪಸ್ ಬಂತು. ನೀರಿಗೆ ಜಗ್ಗದ ವಾಚ್ ಎಂದೇ ಕೊಂಡದ್ದು ನಾನು!

ಸುಳ್ಳು ಕಂಪನಿಯದಲ್ಲ, ತಿಳಿವಳಿಕೆ ನನಗಿರಲಿಲ್ಲ. '5 ಎಟಿಎಂ' ಎಂದರೆ ನಿಂತ ನೀರಿನಲ್ಲಿ 50 ಮೀಟರ್ ಆಳದ ಒತ್ತಡ ತಡೆಯುತ್ತದೆ ಎಂದು. ಐಪಿ68 ಎನ್ನುವುದು ಧೂಳು, ನೀರು ತಡೆಯುವ ಇನ್ನೊಂದು ಗುರುತು, ಅದರ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪು, ಸೋಪು, ಬಿಸಿನೀರು ಇವು ಆ ಲೆಕ್ಕದಲ್ಲಿ ಇಲ್ಲ. ಉಪ್ಪುನೀರು ಹನಿಯಷ್ಟಿದ್ದರೂ ಕರೆಂಟ್ ಹರಿದಾಗ ಲೋಹವನ್ನು ತಿನ್ನುತ್ತದೆ. ಹಾಗಾಗಿ ಬೀಚಿನಿಂದ ಬಂದ ಕೂಡಲೇ ನಲ್ಲಿ ನೀರಲ್ಲಿ ವಾಚ್ ತೊಳೆಯಿರಿ. ಹಳೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಫ್ಯಾನಿನಡಿ ಇಟ್ಟು, ಆಮೇಲೆ ಚಾರ್ಜಿಗೆ ಹಾಕಿ. ಚರ್ಮದ ಪಟ್ಟಿ ಬೇಡವೇ ಬೇಡ. ಜುಲೈ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಸಿಲಿಕೋನ್ ಸರಿ, ಆದರೆ ಅದರಡಿ ಬೆವರು ಕೂತು ತುರಿಕೆ ಬಂದೀತು. ಸ್ನಾನಕ್ಕೆ ಬಿಚ್ಚಿಡಿ. ಟಚ್ ಸ್ಕ್ರೀನಿನ ಮೇಲೆ ಮಳೆಹನಿ ಬಿದ್ದರೆ ಅದೂ ಬೆರಳೇ ಎಂದು ತಿಳಿದು ಹಾಡು ಬದಲಾಗುತ್ತದೆ, ನಡಿಗೆ ನಿಂತುಹೋಗುತ್ತದೆ. ಬದಿಯಲ್ಲಿ ಒಂದಾದರೂ ಬಟನ್ ಇರಬೇಕು, ಜತೆಗೆ ನೀರಿನಲ್ಲಿ ಸ್ಕ್ರೀನ್ ಲಾಕ್ ಮಾಡುವ ಸೌಲಭ್ಯ ಇರಬೇಕು.

ಶಿರಸಿಯ ಮಾತು ಬೇರೆ. ಅಲ್ಲಿ ಉಪ್ಪಿಲ್ಲ, ಏರಿಳಿತ ಇದೆ. ತೋಟಕ್ಕೆ ಇಳಿದು ಹತ್ತಿದರೆ 2,000 ಹೆಜ್ಜೆಗೇ ಬೀಚಿನ 4,000ದಷ್ಟು ದಣಿವಾಗುತ್ತದೆ. ವಾಚಿಗೆ ಎರಡೂ ಬರೀ ಹೆಜ್ಜೆಯೇ. ಏರು ಅಳೆಯಲು ಗಾಳಿಯ ಒತ್ತಡ ನೋಡುವ ಬ್ಯಾರೋಮೀಟರ್ ಬೇಕು, ಅದು ಎಲ್ಲ ವಾಚುಗಳಲ್ಲೂ ಇರುವುದಿಲ್ಲ. ಅದಕ್ಕೂ ಒಂದು ಹುಚ್ಚು ಇದೆ. ದೊಡ್ಡ ಮಳೆಗೆ ಮುಂಚೆ ಒತ್ತಡ ಇಳಿದರೆ, ಜಗಲಿಯಲ್ಲಿ ಕೂತು ಚಹಾ ಕುಡಿಯುವವರನ್ನೂ ಹಲವು ಮೀಟರ್ ಮೇಲೇರಿಸುತ್ತದೆ. ದಟ್ಟ ಮರಗಳ ಕೆಳಗೆ, ಘಟ್ಟದ ಬದಿಯಲ್ಲಿ ಜಿಪಿಎಸ್ ಗೆರೆಯೂ ಸೊಟ್ಟಗಾಗುತ್ತದೆ. ನಿಮಗೆ ಇದ್ಯಾವುದೂ ಬೇಕಿಲ್ಲ. ಅಲ್ಲಿ ಹೆಜ್ಜೆ ಬಿಟ್ಟು ನಿಮಿಷ ಎಣಿಸಿ. ಹಾಂ, ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕುಲುಕಾಟಕ್ಕೆ ಕೆಲವು ಹೆಜ್ಜೆ ಪುಕ್ಕಟೆ ಸಿಕ್ಕರೆ ಆಶ್ಚರ್ಯಪಡಬೇಡಿ.

ಕಾರವಾರದವರಿಗೆ ಮಾತ್ರ ಹೇಳಬೇಕಾದ ಇನ್ನೊಂದು ಮಾತು. ಓಟದ ಆ್ಯಪ್‌ಗಳು ನಿಮ್ಮ ದಾರಿಯನ್ನು ಎಲ್ಲರಿಗೂ ತೋರಿಸುವಂತೆ ಇಟ್ಟಿರಬಹುದು. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ಜಾಗತಿಕ ನಕ್ಷೆಯಲ್ಲಿ ಹಲವು ದೇಶಗಳ ಸೇನಾ ನೆಲೆಗಳೇ ಎದ್ದು ಕಂಡವು. ಸೈನಿಕರು ಬೆಳಿಗ್ಗೆ ಓಡಿದ ಗೆರೆಗಳು ಅವು. ನಮ್ಮ ಪಕ್ಕದಲ್ಲೇ ಐಎನ್‌ಎಸ್ ಕದಂಬ ಇದೆ. ನೌಕಾನೆಲೆಯಲ್ಲಿ ಕೆಲಸ ಮಾಡುವವರು ಮನೆಯಲ್ಲಿದ್ದರೆ ಆ ಸೆಟ್ಟಿಂಗನ್ನು 'ನನಗೆ ಮಾತ್ರ' ಎಂದು ಮಾಡಿ. ಒಬ್ಬರೇ ಒಂದೇ ಹೊತ್ತಿಗೆ ನಡೆಯುವ ಹೆಂಗಸರಿಗೂ ಇದು ಒಳ್ಳೆಯದು.

ಕೊನೆಗೆ, ಏನು ಕೊಳ್ಳುವುದು? ಮೊದಲ 15 ದಿನ ಏನೂ ಬೇಡ. ಫೋನ್ ಸೊಂಟದಲ್ಲೇ ಇರಲಿ, ದಿನದ ಸಂಖ್ಯೆ ಕ್ಯಾಲೆಂಡರಿನಲ್ಲಿ ಬರೆಯಿರಿ. 15 ದಿನ ಆದ ಮೇಲೂ ಬೇಕೆನಿಸಿದರೆ ಸಾದಾ ಬ್ಯಾಂಡ್ ಸಾಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫಿಟ್ 3 ನಿಮ್ಮ ಬಜೆಟ್ಟಿನೊಳಗೆ ಬರುತ್ತದೆ. 5 ಎಟಿಎಂ ಇದೆ, ಬದಿಯಲ್ಲಿ ಬಟನ್ ಇದೆ, ಒಳಗೆ ಜಿಪಿಎಸ್ ಇಲ್ಲ. ಕಂಪನಿ ಚಾರ್ಜ್ 13 ದಿನ ಎನ್ನುತ್ತದೆ, ನೀವು ಒಂದು ವಾರ ಎಂದುಕೊಳ್ಳಿ. ಆಂಡ್ರಾಯ್ಡ್ ಫೋನಿಗೆ ಮಾತ್ರ ಆಗುತ್ತದೆ. ಆಪಲ್ ವಾಚ್ ಐಫೋನಿಗೆ ಮಾತ್ರ ಆಗುವ ಹಾಗೆ. ಬೇರೆ ಕಂಪನಿಯದು ಕೊಂಡರೂ ಇದೇ ಗುಣಗಳನ್ನು ಹುಡುಕಿ. ಅಂಗಡಿಯವರನ್ನು 'ಕೆಟ್ಟರೆ ಎಲ್ಲಿಗೆ ಕಳಿಸುತ್ತೀರಿ?' ಎಂದು ಕೇಳಿಯೇ ದುಡ್ಡು ಕೊಡಿ. ಉಳಿದ ಹಣದಲ್ಲಿ ಮಗನಿಗೆ ಸ್ಟಾಪ್‌ವಾಚ್, ನಿಮಗೆ ಒಂದು ಜೊತೆ ಒಳ್ಳೆಯ ಶೂ ಬರುತ್ತದೆ.

ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ, ಬಿಲ್ ಎರಡನ್ನೂ ಎಸೆಯಬೇಡಿ. ವಾಪಸ್ ಮಾಡುವ ಅವಧಿ ಎಷ್ಟು ದಿನ ಎಂದು ಮೊದಲೇ ನೋಡಿ. ಅದರೊಳಗೆ ಅಡಿಕೆ ಪರೀಕ್ಷೆ ಮಾಡಿ, ಒಂದು ದಿನ ಮಳೆಯಲ್ಲೇ ಬೀಚಿಗೆ ಹೋಗಿ ಬನ್ನಿ. ವಾಚ್ ಎಡಗೈಗೆ, ಕೊಡೆ ಬಲಗೈಗೆ.